ಗೊಬ್ಬರ ಯಾರ ಪಾಲು?

ಪೇಟೆಯ ಮನೆಗಳಲ್ಲಿ ತಿಪ್ಪೆ ಎಂಬ ಮಾತು ಈಗ ಬಯ್ಯುವುದಕ್ಕೆ ಮಾತ್ರ ಉಳಿದಿದೆ. ಮಕ್ಕಳ ಕೋಣೆಗೆ ಇಣುಕಿ 'ಇದೇನು ಮನೆಯೋ ತಿಪ್ಪೆಯೋ' ಎನ್ನುತ್ತೇವೆ. ನನ್ನ ತವರು ತಿರುಮಕೂಡಲು ನರಸೀಪುರ ತಾಲ್ಲೂಕಿನ ಮೂಗೂರು. ಆ ಕಡೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ತಿಪ್ಪೆಗೆ ಬೇರೆಯದೇ ಮರ್ಯಾದೆ ಇತ್ತು. ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬಂದರೆ ಕಣ್ಣು ಮೊದಲು ಹಿತ್ತಿಲ ಕಡೆಗೆ ಹೋಗುತ್ತಿತ್ತಂತೆ. ಗೋಡೆಗೆ ಸುಣ್ಣವನ್ನು ನಿನ್ನೆ ಹೊಡೆಸಿರಬಹುದು, ಮೈಮೇಲಿನ ಒಡವೆಯನ್ನು ಪಕ್ಕದ ಮನೆಯಿಂದ ತಂದಿರಬಹುದು. ಆಳೆತ್ತರದ ತಿಪ್ಪೆಯನ್ನು ಯಾರೂ ಒಂದು ದಿನದ ಮಟ್ಟಿಗೆ ಸಾಲ ಕೊಡುವುದಿಲ್ಲ. ಅದು ಎದ್ದು ಕಾಣಬೇಕಾದರೆ ಕೊಟ್ಟಿಗೆಯಲ್ಲಿ ದನ ಇರಬೇಕು, ದನಕ್ಕೆ ಹುಲ್ಲು ಇರಬೇಕು, ಹುಲ್ಲು ಕೊಡುವ ಹೊಲ ಇರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಗಾಗುವ ಮೊದಲೇ ಎದ್ದು ಮಂಕರಿಯಲ್ಲಿ ಸಗಣಿ ಹೊತ್ತು ಹಾಕುವ ಹೆಂಗಸರು ಇರಬೇಕು. ನಮ್ಮ ಮನೆಯಲ್ಲಿ ದೀಪಾವಳಿಯ ದಿನ ದೇವರ ಮುಂದೆ ಹಚ್ಚಿದ ಮೇಲೆ ತಿಪ್ಪೆಗೂ ಒಂದು ದೀಪ ಇಡುತ್ತಿದ್ದರು. ಅಜ್ಜಿಯ ಪಾಲಿಗೆ ಅದು ಮನೆಯ ಬ್ಯಾಂಕು. ಇಂದು ಹಾಕಿದ್ದನ್ನು ನಾಳೆಯೇ ತೆಗೆಯುವ ಹಾಗಿಲ್ಲದ ಬ್ಯಾಂಕು.

ಆ 'ನಾಳೆಯೇ ಅಲ್ಲ' ಎನ್ನುವುದರಲ್ಲಿಯೇ ಒಂದು ಧರ್ಮಸೂಕ್ಷ್ಮ ಅಡಗಿದೆ ಎಂದು ನನಗೆ ಅನ್ನಿಸುತ್ತದೆ. ಅದನ್ನು ಹೇಳುವ ಮೊದಲು ಗೊಬ್ಬರದ ವಿಷಯವನ್ನು ಸ್ವಲ್ಪ ಬಿಡಿಸಿಕೊಳ್ಳಬೇಕು.

ಬೆಳೆಗೆ ಮುಖ್ಯವಾಗಿ ಬೇಕಾದ್ದು ಮೂರು ಎಂದು ಶಾಲೆಯಲ್ಲಿ ಓದಿದ್ದೇವೆ: ಸಾರಜನಕ, ರಂಜಕ, ಪೊಟ್ಯಾಷ್. ಸಾರಜನಕ ಸೊಪ್ಪನ್ನು ಬೆಳೆಸುತ್ತದೆ, ಎಲೆಗೆ ಹಸಿರು ಕೊಡುತ್ತದೆ. ರಂಜಕ ಬೇರಿಗೆ ಬಲ, ಹೂವಿಗೂ ಕಾಳಿಗೂ ಆಧಾರ. ಪೊಟ್ಯಾಷ್ ಕಡ್ಡಿಯನ್ನು ಗಟ್ಟಿ ಮಾಡಿ, ಗಿಡದೊಳಗಿನ ನೀರನ್ನು ಹದದಲ್ಲಿಟ್ಟು, ರೋಗ ತಡೆಯುವ ಶಕ್ತಿ ಕೊಡುತ್ತದೆ. ಈ ಮೂವರಲ್ಲಿ ಸಾರಜನಕ ಮಾತ್ರ ಮಾಡಿದ ಉಪಕಾರವನ್ನು ಕೂಡಲೇ ತೋರಿಸುತ್ತದೆ. ಬಿಳಿಚಿಕೊಂಡ ಭತ್ತದ ಪೈರಿಗೆ ಯೂರಿಯಾ ಎರಚಿದರೆ ವಾರದೊಳಗೆ ಗದ್ದೆ ಕಪ್ಪುಹಸಿರಾಗುತ್ತದೆ. ಹಾಕಿದವನಿಗೆ ಸಮಾಧಾನ, ದಾರಿಯಲ್ಲಿ ಹೋಗುವವರಿಗೆ ಹೊಟ್ಟೆಕಿಚ್ಚು. ರಂಜಕ, ಪೊಟ್ಯಾಷ್ ಮಾಡುವ ಕೆಲಸ ಹೀಗೆ ಕಣ್ಣಿಗೆ ಬೀಳುವುದಿಲ್ಲ. ಮನೆಯಲ್ಲಿಯೂ ಅಷ್ಟೇ ಅಲ್ಲವೇ? ಹಬ್ಬದ ದಿನ ಹೋಳಿಗೆ ತಟ್ಟಿದವಳ ಹೆಸರು ಎಲ್ಲರಿಗೂ ನೆನಪಿರುತ್ತದೆ. ದಿನವೂ ನೀರು ಹಿಡಿದಿಟ್ಟವಳದು ನೆನಪಿರುವುದಿಲ್ಲ.

ಬೆಲೆಯೂ ಅದೇ ಕಡೆಗೆ ತಳ್ಳುತ್ತದೆ. ಯೂರಿಯಾದ 45 ಕಿಲೋ ಮೂಟೆಗೆ 266 ರೂಪಾಯಿ 50 ಪೈಸೆ; ಉಳಿದ ಭಾರವನ್ನು ಸರ್ಕಾರ ಹೊರುತ್ತದೆ. 2010ರಲ್ಲಿ ಸಹಾಯಧನದ ಪದ್ಧತಿ ಬದಲಾದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟರು. ಆಮೇಲೆ ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆ ಏರಿತು, ಯೂರಿಯಾ ಇದ್ದಲ್ಲೇ ಉಳಿಯಿತು. ಕೈಯಲ್ಲಿ ಕಾಸು ಕಡಿಮೆ ಇದ್ದವರು ಯಾವುದನ್ನು ಹೆಚ್ಚು ತಂದಾರು ಎಂದು ಬಿಡಿಸಿ ಹೇಳಬೇಕಿಲ್ಲ.

ಇನ್ನು ಕೊಟ್ಟಿಗೆ ಗೊಬ್ಬರದ ಲೆಕ್ಕ ನೋಡಿ. ಅದರಲ್ಲಿ ಸಾರಜನಕ ನೂರಕ್ಕೆ ಅರ್ಧ ಪಾಲು ಇದ್ದರೆ ಹೆಚ್ಚು. ಯೂರಿಯಾದಲ್ಲಿ ನೂರಕ್ಕೆ 46. ಅಂದರೆ ಒಂದು ಮೂಟೆ ಯೂರಿಯಾದಲ್ಲಿರುವ ಸಾರಜನಕ ಬೇಕಾದರೆ ಸುಮಾರು ನಾಲ್ಕು ಟನ್ ಕೊಟ್ಟಿಗೆ ಗೊಬ್ಬರ ಹೊರಬೇಕು. ಒಂದನ್ನು ಗಂಡ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬರುತ್ತಾನೆ. ಇನ್ನೊಂದಕ್ಕೆ ಗಾಡಿ, ಆಳು, ಎರಡು ದಿನದ ಬೆನ್ನುನೋವು. ಅಷ್ಟು ಮಾಡಿದರೂ ಕೊಟ್ಟಿಗೆ ಗೊಬ್ಬರ ತನ್ನೊಳಗಿನ ಸಾರಜನಕವನ್ನು ಮೊದಲ ವರ್ಷ ಪೂರ್ತಿ ಬಿಟ್ಟುಕೊಡುವುದಿಲ್ಲ. ಸ್ವಲ್ಪ ಭಾಗ ಈ ಬೆಳೆಗೆ, ಉಳಿದದ್ದು ಮುಂದಿನ ವರ್ಷಗಳಿಗೆ. ಮೇಲ್ನೋಟಕ್ಕೆ ಯಾವ ಬುದ್ಧಿವಂತನೂ ಇಂಥ ವ್ಯಾಪಾರಕ್ಕೆ ಕೈಹಾಕಲಾರ.

ಆದರೆ ಗದ್ದೆಯ ಲೆಕ್ಕ ಸಾರಜನಕ ಒಂದರಲ್ಲೇ ಮುಗಿಯುವುದಿಲ್ಲ. ನಮ್ಮ ಸೀಮೆಯ ನೀರಾವರಿ ಭತ್ತಕ್ಕೆ ಹೆಕ್ಟೇರಿಗೆ 100 ಕಿಲೋ ಸಾರಜನಕ, 50 ಕಿಲೋ ರಂಜಕ, 50 ಕಿಲೋ ಪೊಟ್ಯಾಷ್, ಅದರ ಜೊತೆಗೆ 10 ಟನ್ ಕೊಟ್ಟಿಗೆ ಗೊಬ್ಬರ ಎಂದು ಕೃಷಿ ವಿಶ್ವವಿದ್ಯಾನಿಲಯದವರು ಹೇಳುತ್ತಾ ಬಂದಿದ್ದಾರೆ. ಎಕರೆಗೆ ಲೆಕ್ಕ ಹಾಕಿದರೆ ಸಾರಜನಕ 40 ಕಿಲೋ, ಅಂದರೆ ಎರಡು ಮೂಟೆಗೆ ಸ್ವಲ್ಪ ಕಡಿಮೆ ಯೂರಿಯಾ. ಅದನ್ನೂ ಒಂದೇ ಸಲಕ್ಕೆ ಸುರಿಯದೆ ನಾಟಿಗೆ ಒಂದಿಷ್ಟು, ತೆಂಡೆ ಒಡೆಯುವಾಗ ಒಂದಿಷ್ಟು, ತೆನೆ ಕಟ್ಟುವ ಮುಂಚೆ ಒಂದಿಷ್ಟು ಎಂದು ಹಂಚಬೇಕು. ಹೀಗೆ ಮಾಡಿದರೂ ಗದ್ದೆಗೆ ಹಾಕಿದ ಯೂರಿಯಾದಲ್ಲಿ ಬೆಳೆ ಹೀರುವುದು ಮೂರನೆಯ ಒಂದು ಪಾಲೋ, ಸ್ವಲ್ಪ ಹೆಚ್ಚೋ. ಉಳಿದದ್ದು ಗಾಳಿಗೆ, ನೀರಿಗೆ. ಅಳತೆ ಮೀರಿ ಸಾರಜನಕ ಕೊಟ್ಟ ಪೈರು ಸೊಕ್ಕಿ ಬೆಳೆಯುತ್ತದೆ, ಕಡ್ಡಿ ಮೆತ್ತಗಾಗುತ್ತದೆ, ಒಂದು ಜೋರು ಮಳೆಗೆ ಮಲಗಿಬಿಡುತ್ತದೆ. ಬೆಂಕಿರೋಗಕ್ಕೂ ಜಿಗಿಹುಳುವಿಗೂ ಅಂಥ ಪೈರೇ ಇಷ್ಟ. ಕಬ್ಬಿಗೆ ತಡವಾಗಿ ಯೂರಿಯಾ ಹೆಚ್ಚಾದರೆ ಜಲ್ಲೆ ಉದ್ದವಾಗುತ್ತದೆ, ಸಕ್ಕರೆ ಇಳಿಯುತ್ತದೆ.

ನರಸೀಪುರದ ಗುಂಜಾ ನರಸಿಂಹಸ್ವಾಮಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ದೇವರ ಕೈಯಲ್ಲಿ ಗುಲಗಂಜಿ. ಕಾವೇರಿ, ಕಪಿಲೆ ಕೂಡುವ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಅದರ ಅರ್ಥವಂತೆ. ತಕ್ಕಡಿ ವಾಲುವುದಕ್ಕೆ ಒಂದು ಗುಲಗಂಜಿ ಸಾಕು ಎನ್ನುವುದು ನಮ್ಮೂರ ಗದ್ದೆಗೂ ಒಪ್ಪುವ ಮಾತು. ಒಂದು ಎಕರೆ ಭತ್ತ ಇಡೀ ಹಂಗಾಮಿನಲ್ಲಿ ಹೀರುವ ಸತುವನ್ನು ಕಿಲೋ ಲೆಕ್ಕದಲ್ಲಿ ಹೇಳುವ ಹಾಗಿಲ್ಲ, ಗ್ರಾಂ ಲೆಕ್ಕದಲ್ಲಿ ಹೇಳಬೇಕು. ಆದರೆ ಅಷ್ಟು ಸಿಗದಿದ್ದರೆ ನಾಟಿ ಮಾಡಿದ ಎರಡು ಮೂರು ವಾರಕ್ಕೆ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಬಿದ್ದು ಪೈರು ಕುಗ್ಗಿ ನಿಲ್ಲುತ್ತದೆ. ಅದನ್ನು ರೋಗವೆಂದೇ ತಿಳಿದಿದ್ದರು. ಸತುವಿನ ಕೊರತೆ ಎಂದು 1960ರ ದಶಕದಲ್ಲಿ ಪಂತನಗರದಲ್ಲಿ ಗುರುತಿಸಿದರು. ಸತು ಇಲ್ಲದ ಗದ್ದೆಗೆ ಯೂರಿಯಾ ಎಷ್ಟು ಸುರಿದರೂ ಇಳುವರಿ ಏರುವುದಿಲ್ಲ. ಯಾವುದು ಎಲ್ಲಕ್ಕಿಂತ ಕಡಿಮೆ ಇದೆಯೋ ಬೆಳೆ ಅದರ ಅಳತೆಗೆ ನಿಲ್ಲುತ್ತದೆ ಎಂಬ ಈ ನಿಯಮವನ್ನು 19ನೆಯ ಶತಮಾನದಲ್ಲಿ ಜರ್ಮನಿಯ ಸ್ಪ್ರೆಂಗೆಲ್ ಹೇಳಿದ, ಲೀಬಿಗ್ ಜಗತ್ತಿಗೆಲ್ಲ ತಿಳಿಸಿದ. ನನಗಂತೂ ಇದು ಹೊಲದ ನಿಯಮದಷ್ಟೇ ಮನೆಯ ನಿಯಮವಾಗಿಯೂ ಕಾಣುತ್ತದೆ. ನಿದ್ದೆ ಸಾಲದ ಮಗುವಿಗೆ ಇನ್ನೊಂದು ಟ್ಯೂಷನ್ ಇಡಿಸುವುದು, ಮಾತು ಬೇಕಾದ ಮುದುಕಿಗೆ ಇನ್ನೊಂದು ಸೀರೆ ತರುವುದು: ಕೊಡುವವರಿಗೆ ಸುಲಭವಾದದ್ದನ್ನೇ ಮತ್ತೆ ಮತ್ತೆ ಕೊಟ್ಟು, ಇಷ್ಟು ಕೊಟ್ಟೆವಲ್ಲ ಎಂದು ಅಚ್ಚರಿಪಡುತ್ತೇವೆ.

ಇಷ್ಟು ಹೇಳಿದ ಮೇಲೆ 'ಹಾಗಾದರೆ ರಾಸಾಯನಿಕ ಗೊಬ್ಬರ ವಿಷ, ಅದನ್ನು ಬಿಟ್ಟರಾಯಿತು' ಎಂದು ಯಾರಾದರೂ ಮುಗಿಸಿಬಿಡಬಹುದು. ಪೇಟೆಯಲ್ಲಿ ಕೂತು ಹಾಗೆ ಹೇಳುವುದು ನನಗೆ ಸರಿಕಾಣುವುದಿಲ್ಲ. ಸಾರಜನಕ ತಿಪ್ಪೆಯಿಂದ ಬಂತೋ ಕಾರ್ಖಾನೆಯಿಂದ ಬಂತೋ ಬೇರಿಗೆ ಗೊತ್ತಾಗುವುದಿಲ್ಲ. ಅದು ಕೊನೆಗೆ ಹೀರುವುದು ಅದೇ ಲವಣಗಳನ್ನು. ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರ ಮಾಡುವ ವಿದ್ಯೆಯನ್ನು ಜರ್ಮನಿಯಲ್ಲಿ ಫ್ರಿಟ್ಸ್ ಹಾಬರ್ 1909ರಲ್ಲಿ ತೋರಿಸಿಕೊಟ್ಟ, 1913ರಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತು ಜಗತ್ತಿನ ಜನರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಆ ಸಾರಜನಕದ ಬಲದಿಂದ ಉಣ್ಣುತ್ತಿದ್ದಾರೆ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. 2008ರ ಜೂನ್ ತಿಂಗಳಲ್ಲಿ ಹಾವೇರಿಯಲ್ಲಿ ಗೊಬ್ಬರ ಕೊಡಿ ಎಂದು ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ಆಗಿ ಜೀವ ಹೋದವು. ಜನ ಪ್ರಾಣ ಕೊಟ್ಟು ಕೇಳಿದ ವಸ್ತುವನ್ನು ವಿಷ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡಲು ನಾಲಗೆ ಬರುವುದಿಲ್ಲ.

ಬೆಂಗಳೂರಿನ ಜಿ.ಕೆ.ವಿ.ಕೆ.ಯಲ್ಲಿ ಕೃಷಿ ವಿಶ್ವವಿದ್ಯಾನಿಲಯದವರು 1978ರಲ್ಲಿ ಒಂದು ಪ್ರಯೋಗ ಆರಂಭಿಸಿದರು. ಮಳೆಯಾಶ್ರಯದ ಕೆಂಪುಮಣ್ಣಿನಲ್ಲಿ ರಾಗಿ. ಒಂದು ತಾಕಿಗೆ ಏನೂ ಇಲ್ಲ. ಒಂದಕ್ಕೆ ಕೊಟ್ಟಿಗೆ ಗೊಬ್ಬರ ಮಾತ್ರ. ಒಂದಕ್ಕೆ ಪೂರ್ತಿ ರಾಸಾಯನಿಕ ಗೊಬ್ಬರ ಮಾತ್ರ. ಇನ್ನೆರಡಕ್ಕೆ ಕೊಟ್ಟಿಗೆ ಗೊಬ್ಬರದ ಜೊತೆಗೆ ಅರ್ಧ ಅಥವಾ ಪೂರ್ತಿ ರಾಸಾಯನಿಕ. ಪ್ರತಿ ವರ್ಷವೂ ಆಯಾ ತಾಕಿಗೆ ಅದೇ ಉಪಚಾರ. ಬರೀ ರಾಸಾಯನಿಕ ಹಾಕಿದ ತಾಕು ಮೊದಮೊದಲು ಚೆನ್ನಾಗಿಯೇ ಬೆಳೆಯಿತು. ವರ್ಷಗಳು ಕಳೆದಂತೆ ಮಣ್ಣು ಹುಳಿಯಾಗುತ್ತಾ ಬಂತು, ಇಳುವರಿ ಇಳಿಯಿತು. ಎರಡೂ ಸೇರಿಸಿ ಕೊಟ್ಟ ತಾಕುಗಳು ನಿಂತುಕೊಂಡವು. ಕೊಟ್ಟಿಗೆ ಗೊಬ್ಬರದ ಜೊತೆಗೆ ಅರ್ಧವೇ ರಾಸಾಯನಿಕ ಕಂಡ ತಾಕು ಕೂಡ ಬರೀ ರಾಸಾಯನಿಕದ ತಾಕನ್ನು ಮೀರಿಸಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆಯುತ್ತಿರುವ ಗೋಧಿಯ ಪ್ರಯೋಗದಲ್ಲಿ ಬರೀ ರಾಸಾಯನಿಕ ಗೊಬ್ಬರವೂ ಇಳುವರಿಯನ್ನು ಬಹುಕಾಲ ಕಾಪಾಡಿದೆ. ಅಲ್ಲಿಯ ಮಣ್ಣು ಬೇರೆ, ಚಳಿ ಬೇರೆ. ನಮ್ಮ ಬಿಸಿಲಿಗೆ ಮಣ್ಣಿನ ಸತ್ವ ಬೇಗ ಉರಿದುಹೋಗುತ್ತದೆ, ಮತ್ತೆ ಮತ್ತೆ ತುಂಬಬೇಕು. ಇದರಿಂದ ನನಗೆ ತಿಳಿದದ್ದು ಇಷ್ಟು: ಒಂದು ವರ್ಷದ ಮಟ್ಟಿಗೆ ನೋಡಿದರೆ ಯೂರಿಯಾದವನು ಜಾಣ, ಇಪ್ಪತ್ತು ವರ್ಷದ ಮಟ್ಟಿಗೆ ನೋಡಿದರೆ ತಿಪ್ಪೆಯನ್ನು ಬಿಡದವನು ಜಾಣ. ಹಾಗಾದರೆ ಗದ್ದೆಯ ಬದುವಿನ ಮೇಲೆ ನಿಂತು ಇಪ್ಪತ್ತು ವರ್ಷದ ಲೆಕ್ಕ ಹಾಕಬೇಕಾದವರು ಯಾರು?

ಈ ಪ್ರಶ್ನೆ ನನ್ನ ಮುಂದೆ ಬಂದದ್ದು ಮೂಗೂರಿನಲ್ಲಿ. ನಮ್ಮ ತಂದೆಯ ಕಾಲವಾದ ಮೇಲೆ ಅಣ್ಣ ಊರು ಬಿಟ್ಟ. ಇರುವ ತುಂಡು ಗದ್ದೆಯನ್ನು ವರ್ಷ ವರ್ಷಕ್ಕೆ ಒಬ್ಬರಿಗೆ ಗುತ್ತಿಗೆಗೆ ಕೊಡುವುದು ವಾಡಿಕೆಯಾಯಿತು. ಈಚೆಗೆ ಮಾಡುತ್ತಿರುವವಳು ನನ್ನನ್ನು ಲಂಗ ಹಾಕಿದ ಕಾಲದಿಂದ ಬಲ್ಲ ಹೆಂಗಸು. ಗಂಡ ಇಲ್ಲ, ಒಬ್ಬ ಮಗ, ಎರಡು ಹಸು. ತ್ರಿಪುರಸುಂದರಿ ಅಮ್ಮನ ದರ್ಶನಕ್ಕೆಂದು ಹೋದವಳು ಗದ್ದೆಯ ಕಡೆ ನಡೆದೆ. ಪೈರು ಕಪ್ಪಗೆ ನಿಂತಿತ್ತು. ಅವಳ ಹಟ್ಟಿಯ ಪಕ್ಕದಲ್ಲಿ ಒಳ್ಳೆಯ ತಿಪ್ಪೆಯೂ ಇತ್ತು. ಅದನ್ನು ಗದ್ದೆಗೆ ಹೊಡೆಯುವುದಿಲ್ಲವೇ ದೊಡ್ಡವ್ವ ಎಂದು ಕೇಳಿದೆ. ಅವಳು ನಕ್ಕಳು.

'ನೋಡವ್ವ, ಯೂರಿಯ ಅಂದ್ರ ಬೆಳಗ. ತಿಪ್ಪ ಗೊಬ್ರ ಅಂದ್ರ ಭೂಮಿಗ. ಈ ಬೆಳ ನಂದು, ಭೂಮಿ ನಂದಲ್ಲ. ಮುಂದಿನ ವರ್ಸ ನಿಮ್ಮಣ್ಣಯ್ಯ ಇನ್ಯಾರಿಗೊ ಕೊಟ್ರ, ನಾ ಹಾಕಿದ ಗೊಬ್ರ ಎತ್ಕಂಡು ಹೋಗಕಾದದಾ?'

ತಿಪ್ಪೆ ಗೊಬ್ಬರವನ್ನು ಅವಳು ಟ್ರ್ಯಾಕ್ಟರಿನವರಿಗೆ ಮಾರುತ್ತಿದ್ದಳು. ಅದು ಯಾರದೋ ಬಾಳೆ ತೋಟಕ್ಕೆ, ಸ್ವಂತ ಭೂಮಿ ಇದ್ದವರ ತೋಟಕ್ಕೆ ಹೋಗುತ್ತಿತ್ತು. ಅವಳ ಮಾತಿನಲ್ಲಿ ದೂರು ಇರಲಿಲ್ಲ. ಜಿ.ಕೆ.ವಿ.ಕೆ.ಯ ಪ್ರಯೋಗದ ಸಾರವನ್ನೇ ಅವಳು ಇನ್ನೊಂದು ತುದಿಯಿಂದ ಹೇಳಿದ್ದಳು.

ಅಣ್ಣನನ್ನು ಕೇಳಿದರೆ ಅವನ ಮಾತಿನಲ್ಲೂ ಹುರುಳಿದೆ. 1974ರ ಭೂ ಸುಧಾರಣಾ ತಿದ್ದುಪಡಿ ಉಳುವವರಿಗೆ ಒಡೆತನ ಕೊಟ್ಟಿತು; ಸೈನಿಕರಂಥ ಕೆಲವರನ್ನು ಬಿಟ್ಟು ಮಿಕ್ಕವರು ಭೂಮಿಯನ್ನು ಹೊಸದಾಗಿ ಗೇಣಿಗೆ ಕೊಡಬಾರದು ಎಂದಿತು. ಎಷ್ಟೋ ಬಡವರಿಗೆ ಅದರಿಂದ ಬದುಕು ಸಿಕ್ಕಿತು, ಸಿಗಬೇಕಾದದ್ದೇ. ಆದರೆ ಊರು ಬಿಟ್ಟವರ ಭೂಮಿ ಇಂದಿಗೂ ಬಾಯಿಮಾತಿನ ಮೇಲೆ ಕೈ ಬದಲಾಯಿಸುತ್ತಲೇ ಇದೆ, ಮತ್ತು ಒಬ್ಬರ ಕೈಯಲ್ಲಿ ಹೆಚ್ಚು ವರ್ಷ ಬಿಟ್ಟರೆ ಕೈತಪ್ಪೀತು ಎಂಬ ಹೆದರಿಕೆಯಿಂದ ವರ್ಷ ವರ್ಷಕ್ಕೂ ಬದಲಾಗುತ್ತದೆ. ಹೀಗೆ ಯಾರೂ ಕೆಟ್ಟವರಲ್ಲದೆ ಮಣ್ಣು ಕೆಡುತ್ತದೆ. ಅಣ್ಣನಿಗೆ ಭೂಮಿ ಉಳಿಯಬೇಕು, ದೊಡ್ಡವ್ವನಿಗೆ ಈ ವರ್ಷದ ಬೆಳೆ ಏಳಬೇಕು, ಪೇಟೆಯಲ್ಲಿರುವ ನಮಗೆ ಗುತ್ತಿಗೆಯ ಹಣ ಹೊತ್ತಿಗೆ ಬರಬೇಕು. ಪಹಣಿಯಲ್ಲಿ ಸರ್ವೆ ನಂಬರಿಗೆ, ವಿಸ್ತೀರ್ಣಕ್ಕೆ, ಕಂದಾಯಕ್ಕೆ, ಬೆಳೆಗೆ ಎಲ್ಲಕ್ಕೂ ಕಾಲಂ ಇದೆ. ಯಾರು ಎಷ್ಟು ಗಾಡಿ ಗೊಬ್ಬರ ಹೊಡೆದರು ಎನ್ನುವುದಕ್ಕೆ ಕಾಲಂ ಇಲ್ಲ.

ಈ 'ನಮಗೆ' ಎನ್ನುವುದರಲ್ಲಿ ಹೆಣ್ಣುಮಕ್ಕಳೂ ಸೇರುತ್ತೇವೆ. ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಎಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲಿ ಜಾರಿಗೆ ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ಅರಿಶಿನ ಕುಂಕುಮಕ್ಕೆ ಎಂದು ಕೊಡುತ್ತಿದ್ದ ಜಾಗದಲ್ಲಿ ಪಾಲು ಬಂತು. ಪಾಲಿನ ಜೊತೆಗೆ ಏನು ಬಂತು ಎಂದು ನಾವು ಅಷ್ಟಾಗಿ ಮಾತಾಡಿಕೊಂಡಿಲ್ಲ.

ನಾನು ಇದನ್ನು ಬಾಡಿಗೆ ಮನೆಯ ಲೆಕ್ಕದಲ್ಲಿ ಯೋಚಿಸುತ್ತೇನೆ. ಪೇಟೆಯವರಿಗೆ ಅದು ಚೆನ್ನಾಗಿ ಗೊತ್ತು. ಬಲ್ಬು ಹೋದರೆ ಬಾಡಿಗೆದಾರ ಹಾಕಿಸುತ್ತಾನೆ. ಸೂರು ಸೋರಿದರೆ ಮನೆಯ ಯಜಮಾನ ರಿಪೇರಿ ಮಾಡಿಸಬೇಕು, ಏಕೆಂದರೆ ಬಾಡಿಗೆದಾರ ಹೋದ ಮೇಲೂ ಸೂರು ಯಜಮಾನನದೇ. ಯೂರಿಯಾ ಬಲ್ಬಿನ ಜಾತಿ, ಈ ಹಂಗಾಮಿಗೆ ಉರಿದು ಮುಗಿಯುತ್ತದೆ. ಕೊಟ್ಟಿಗೆ ಗೊಬ್ಬರ ಸೂರಿನ ಜಾತಿ. ಹಾಗಿದ್ದ ಮೇಲೆ ಭೂಮಿಯ ಮೇಲೆ ಬಹುಕಾಲದ ಹಕ್ಕು ಇರುವವರೇ ಬಹುಕಾಲ ಉಳಿಯುವ ಗೊಬ್ಬರದ ಖರ್ಚನ್ನೂ ಹೊರಬೇಕು. ಗುತ್ತಿಗೆ ಮಾಡುವವಳಿಗೆ 'ಭೂತಾಯಿ' ಎಂದು ಉಪದೇಶ ಮಾಡಿ, ಹಣ ಎಣಿಸಿಕೊಂಡು ಬಸ್ಸು ಹತ್ತುವುದು ನ್ಯಾಯವಲ್ಲ.

ಇದಕ್ಕೆ ಎದುರು ಮಾತು ಇಲ್ಲವೇ? ಇದೆ. ನಾವು ಹಣ ಕೊಟ್ಟ ಗೊಬ್ಬರ ನಮ್ಮ ಗದ್ದೆಗೇ ಬಿತ್ತೆಂದು ಯಾರು ನೋಡುತ್ತಾರೆ ಎಂದು ಅಣ್ಣ ಕೇಳಿದ. ಗೊಬ್ಬರ ಬಿದ್ದ ಗದ್ದೆಗೆ ಮುಂದಿನ ವರ್ಷ ಗುತ್ತಿಗೆ ಏರಿಸಿದರೆ ಆಗ ಯಾರಿಗೆ ಅನ್ಯಾಯ ಎಂದು ನಾನು ಕೇಳಿದೆ. ಕೊನೆಗೆ ಅಕ್ಕನೂ ನಾನೂ ನಮ್ಮ ಪಾಲಿನ ಹಣದಲ್ಲಿ ಗೊಬ್ಬರದ ಬೆಲೆ ಹಿಡಿದುಕೊಂಡು ಉಳಿದದ್ದು ಕೊಟ್ಟರೆ ಸಾಕು ಎಂದೆವು. ದೊಡ್ಡವ್ವನ ತಿಪ್ಪೆಯನ್ನು ಟ್ರ್ಯಾಕ್ಟರಿನವರು ಕೊಡುವ ಬೆಲೆಗೇ ಕೊಂಡು ಅವಳು ಮಾಡುವ ಗದ್ದೆಗೇ ಹೊಡೆಯುವುದು. ಮೂರು ವರ್ಷದ ಮಾತು ಕೊಡಲು ಅಣ್ಣ ಒಪ್ಪಲಿಲ್ಲ. ಹಾಗಾಗಿ ಅವಳ ಹೆದರಿಕೆಯೂ ಪೂರ್ತಿ ಹೋಗಿಲ್ಲ. ಬೇಸಿಗೆಯ ಮಳೆ ಬಿದ್ದಾಗ ಸೆಣಬೋ ಡಯಂಚವೋ ಚೆಲ್ಲಿ, ಹೂ ಬರುವ ಹೊತ್ತಿಗೆ, ಅಂದರೆ ಸುಮಾರು 45 ದಿನಕ್ಕೆ, ಮಣ್ಣಿಗೇ ಉತ್ತುಬಿಡಿ ಎಂದು ತಿಳಿದವರು ಹೇಳುತ್ತಾರೆ. ಅದಕ್ಕೆ ಗಾಡಿ ಬೇಡ, ದನ ಬೇಡ. ಒಂದೂವರೆ ತಿಂಗಳು ಗದ್ದೆ ಬೇಕು. 'ಬೀಜ ನೀವು ಕೊಡಿಸ್ರವ್ವ, ಉಳೋದು ನಂದು' ಎಂದಿದ್ದಾಳೆ. ಮಣ್ಣು ಪರೀಕ್ಷೆ ಮಾಡಿಸಿ, ಸತು ಎಷ್ಟಿದೆ, ಸಾವಯವ ಇಂಗಾಲ ಎಷ್ಟಿದೆ ಎಂದು ತಿಳಿದ ಮೇಲೆ ಮಿಕ್ಕ ಲೆಕ್ಕ.

ಭೂಮಿಯೇ ಇಲ್ಲದ ಓದುಗರು 'ನಮಗೇನು ಇದರ ಗೊಡವೆ' ಎನ್ನಬಹುದು. ಒಂದು ಟನ್ ಭತ್ತ ಬೆಳೆಯುವಾಗ, ಹುಲ್ಲೂ ಸೇರಿ, 15ರಿಂದ 20 ಕಿಲೋ ಸಾರಜನಕ ಮಣ್ಣಿನಿಂದ ಮೇಲೆ ಬರುತ್ತದೆ. ಹುಲ್ಲು ಊರಿನ ದನಕ್ಕಾದರೂ ಸಿಗುತ್ತದೆ. ಕಾಳು ಮೂಟೆಯಾಗಿ ನಮ್ಮ ಅಡಿಗೆಮನೆಗೆ ಬರುತ್ತದೆ, ತಿರುಗಿ ಹೋಗುವುದಿಲ್ಲ. ತರಕಾರಿಯ ಸಿಪ್ಪೆ, ಬಾಳೆಯ ಎಲೆ, ಹಳಸಿದ ಅನ್ನ ಪ್ಲಾಸ್ಟಿಕ್ಕಿನೊಡನೆ ಬೆರೆತು ಮುನಿಸಿಪಾಲಿಟಿಯ ಗಾಡಿ ಹತ್ತುತ್ತವೆ. ಮೈಸೂರಿನ ವಿದ್ಯಾರಣ್ಯಪುರಂನ ಸೂಯೇಜ್ ಫಾರಂನಲ್ಲಿ ವರ್ಷಗಟ್ಟಲೆ ಹೀಗೇ ಕಸದ ಗುಡ್ಡ ಬೆಳೆಯಿತು. ಅದೂ ತಿಪ್ಪೆಯೇ, ಹೊಲಕ್ಕೆ ಹೋಗಲಾರದ ತಿಪ್ಪೆ. ಹಸಿ ಕಸವನ್ನು ಬೇರೆಯಾಗಿ ಇಡುವುದು ನಮಗೆ ಎರಡು ಡಬ್ಬಿಯ ಕೆಲಸ. ಬೆರೆತ ಕಸದಿಂದ ಗೊಬ್ಬರ ತೆಗೆಯುವುದು ಯಾರಿಗೂ ಸುಲಭವಲ್ಲ.

ಅಜ್ಜಿಯ ತಿಪ್ಪೆಗೆ ಪ್ರತಿ ದಿನ ಬಿದ್ದದ್ದು ಒಂದೊಂದು ಮಂಕರಿ. ಅದರ ಬೆಳೆಯನ್ನು ಉಂಡವರಲ್ಲಿ ಅವಳು ಕಣ್ಣಾರೆ ನೋಡದ ಮೊಮ್ಮಕ್ಕಳೂ ಇದ್ದೇವೆ. ಮುಂದಿನ ವರ್ಷ ಆ ಗದ್ದೆಯಲ್ಲಿ ಯಾರು ಇರುತ್ತಾರೋ ಗೊತ್ತಿಲ್ಲದೆ ಈ ವರ್ಷ ಗೊಬ್ಬರ ಹೊಡೆಯಲು ಮನಸ್ಸು ಬರಬೇಕಾದರೆ, ಮುಂದಿನ ವರ್ಷದವರು ಯಾರಾದರೂ ಸರಿ, ಅವರೂ ಉಣ್ಣಲಿ ಎನ್ನುವಷ್ಟು ಧಾರಾಳ ಬೇಕು. ಅಂಥ ಧಾರಾಳವನ್ನು ಎರಡು ಹಸುವಿನ ದೊಡ್ಡವ್ವನಿಂದಲೇ ಮೊದಲು ಕೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಪಹಣಿಯಲ್ಲಿ ಹೆಸರಿರುವವರನ್ನು ಮೊದಲು ಕೇಳಬಹುದು.